ಚರ್ಚಿನ ನಾಳೆ: ಕೆಲಸದಲ್ಲಿ ಪಾಲುಂಟು, ತೀರ್ಮಾನದಲ್ಲಿ?

ಮಂಗಳೂರು: ಕರಾವಳಿಯ ಯಾವುದೇ ಕಥೋಲಿಕ ಚರ್ಚಿನ ವಾರ್ಷಿಕ ಹಬ್ಬದ ಸಿದ್ಧತೆಯನ್ನು ಒಮ್ಮೆ ಗಮನಿಸಿದರೆ ಒಂದು ಸಂಗತಿ ಮನದಟ್ಟಾಗುತ್ತದೆ. ಚಪ್ಪರ, ಊಟೋಪಚಾರ, ಗಾಯನ ವೃಂದ, ವಾಹನ ನಿಲುಗಡೆ, ದೇಣಿಗೆಯ ರಶೀದಿ ಇವೆಲ್ಲವನ್ನೂ ನಿಭಾಯಿಸುವವರು ಸಂಬಳವಿಲ್ಲದ ಜನ. ನಿವೃತ್ತ ಬ್ಯಾಂಕ್ ನೌಕರರು, ಶಿಕ್ಷಕಿಯರು, ಗಲ್ಫ್‌ನಿಂದ ಮರಳಿದವರು, ಕಾಲೇಜು ವಿದ್ಯಾರ್ಥಿಗಳು. ಆದರೆ ಅದೇ ಚರ್ಚಿನ ಜಾಗವನ್ನು ಏನು ಮಾಡಬೇಕು, ಹೊಸ ಸಭಾಂಗಣ ಬೇಕೆ, ಪಕ್ಕದ ಚರ್ಚಿನೊಂದಿಗೆ ವಿಲೀನವಾಗಬೇಕೆ ಎಂಬ ಪ್ರಶ್ನೆ ಎದ್ದಾಗ ಇವರ ಮಾತಿಗೆ ಎಷ್ಟು ತೂಕ? ಜಗತ್ತಿನ ಅನೇಕ ಕಡೆ ಕಥೋಲಿಕ ಧರ್ಮಸಭೆಯನ್ನು ಇಂದು ಕಾಡುತ್ತಿರುವ ಪ್ರಶ್ನೆಯಿದು.

ಕಾನೂನು ಏನು ಹೇಳುತ್ತದೆ?

1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯೆಂದರೆ ಕೇವಲ ಗುರುವರ್ಗವಲ್ಲ, ದೀಕ್ಷಾಸ್ನಾನ ಪಡೆದ ಎಲ್ಲರನ್ನೂ ಒಳಗೊಂಡ ದೇವಜನರ ಸಮುದಾಯ ಎಂದು ಸಾರಿತು. ಶ್ರೀಸಾಮಾನ್ಯ ಕ್ರೈಸ್ತರ ಸೇವೆಯನ್ನು ಕುರಿತೇ 1965ರಲ್ಲಿ ಪ್ರತ್ಯೇಕ ಆದೇಶಪತ್ರ ಹೊರಬಂತು. ಆದರೆ 1983ರಲ್ಲಿ ಜಾರಿಗೆ ಬಂದ ಧರ್ಮಸಭೆಯ ಕಾನೂನು ಸಂಹಿತೆ ಈ ಆಶಯಕ್ಕೆ ಒಂದು ಗೆರೆ ಎಳೆಯಿತು. ಅದರ 536ನೇ ವಿಧಿಯ ಪ್ರಕಾರ ಚರ್ಚ್ ಪಾಲನಾ ಮಂಡಳಿ ಇರಬೇಕೇ ಬೇಡವೇ ಎಂಬುದು ಬಿಷಪರ ವಿವೇಚನೆಗೆ ಬಿಟ್ಟದ್ದು. ಇದ್ದರೂ ಅದಕ್ಕಿರುವುದು ಸಲಹೆ ನೀಡುವ ಹಕ್ಕು ಮಾತ್ರ. 537ನೇ ವಿಧಿಯನ್ವಯ ಹಣಕಾಸು ಸಮಿತಿ ಪ್ರತಿ ಚರ್ಚಿನಲ್ಲೂ ಕಡ್ಡಾಯ. ಆದರೆ ಅದರ ಕೆಲಸ ಧರ್ಮಗುರುವಿಗೆ ನೆರವಾಗುವುದು. ಚರ್ಚೊಂದನ್ನು ಸ್ಥಾಪಿಸುವ, ವಿಲೀನಗೊಳಿಸುವ ಅಥವಾ ರದ್ದುಪಡಿಸುವ ಅಧಿಕಾರ 515ನೇ ವಿಧಿಯಂತೆ ಬಿಷಪರದು. ಅದಕ್ಕೆ ಮುನ್ನ ಅವರು ಗುರುಗಳ ಮಂಡಳಿಯ ಅಭಿಪ್ರಾಯ ಕೇಳಲೇಬೇಕು. ಶ್ರೀಸಾಮಾನ್ಯರನ್ನು ಕೇಳಬೇಕೆಂಬ ಕಡ್ಡಾಯ ಅಲ್ಲಿಲ್ಲ.

ಬಾಸ್ಟನ್ ಕಲಿಸಿದ ಪಾಠ

ಈ ಅಂತರದ ಪರಿಣಾಮ ಏನಾಗಬಹುದೆಂಬುದಕ್ಕೆ ಅಮೆರಿಕದ ಬಾಸ್ಟನ್ ಮಹಾಧರ್ಮಪ್ರಾಂತ್ಯ ಸಾಕ್ಷಿ. ಗುರುಗಳ ಕೊರತೆ, ಹಣದ ಮುಗ್ಗಟ್ಟು, ಜನರ ಹಾಜರಾತಿಯ ಕುಸಿತ ಎಂಬ ಕಾರಣಗಳನ್ನು ಮುಂದಿಟ್ಟು 2004ರಲ್ಲಿ ಅದು 60ಕ್ಕೂ ಹೆಚ್ಚು ಚರ್ಚುಗಳನ್ನು ಮುಚ್ಚುವ ನಿರ್ಧಾರ ಪ್ರಕಟಿಸಿತು. ಗುರುಗಳಿಂದ ಮಕ್ಕಳ ಮೇಲಾದ ಲೈಂಗಿಕ ದೌರ್ಜನ್ಯದ ಪ್ರಕರಣಗಳು 2002ರಲ್ಲಿ ಬಯಲಿಗೆ ಬಂದು ಜನರ ವಿಶ್ವಾಸ ಆಗಲೇ ಸಡಿಲಗೊಂಡಿದ್ದ ಕಾಲವದು. ಹಲವು ಚರ್ಚುಗಳ ಜನ ಬೀಗ ಹಾಕಲು ಬಿಡದೆ ಸರದಿಯ ಮೇಲೆ ಹಗಲಿರುಳು ಒಳಗೇ ಕುಳಿತರು. ವೇಮತ್ ಪಟ್ಟಣದ ಸಂತ ಆಲ್ಬರ್ಟರ ಚರ್ಚ್ 2005ರಲ್ಲಿ ಮತ್ತೆ ತೆರೆಯಿತು. ಸಿಚುಯೇಟ್ ಪಟ್ಟಣದ ಕಬ್ರಿನಿ ಚರ್ಚಿನವರಿಗೆ ಆ ಭಾಗ್ಯವಿರಲಿಲ್ಲ. 2004ರ ಅಕ್ಟೋಬರ್‌ನಲ್ಲಿ ಆರಂಭವಾದ ಅವರ ಜಾಗರಣೆ ವ್ಯಾಟಿಕನ್‌ನಲ್ಲಿಯೂ ದೇಶದ ನ್ಯಾಯಾಲಯಗಳಲ್ಲಿಯೂ ಸೋತು 2016ರ ಮೇ ತಿಂಗಳಲ್ಲಿ ಕೊನೆಗೊಂಡಿತು. ಹನ್ನೊಂದೂವರೆ ವರ್ಷ ಒಂದು ಕಟ್ಟಡವನ್ನು ಬಿಡದೆ ಕಾಯ್ದ ಜನರ ನಿಷ್ಠೆಯನ್ನು ಮೊದಲೇ ತೀರ್ಮಾನದ ಮೇಜಿಗೆ ಕರೆದಿದ್ದರೆ ಏನಾಗುತ್ತಿತ್ತು ಎಂಬುದು ಇಂದಿಗೂ ಕೇಳಬೇಕಾದ ಪ್ರಶ್ನೆ.

ಜರ್ಮನಿಯ ಟ್ರಿಯರ್ ಧರ್ಮಪ್ರಾಂತ್ಯ ತದ್ವಿರುದ್ಧ ದಾರಿ ಹಿಡಿಯಲು ಹೊರಟಿತ್ತು. 887 ಚರ್ಚುಗಳನ್ನು 35 ದೊಡ್ಡ ಘಟಕಗಳಾಗಿ ಸೇರಿಸಿ, ಧರ್ಮಗುರುವಿನೊಂದಿಗೆ ಶ್ರೀಸಾಮಾನ್ಯರೂ ಇರುವ ನಾಯಕತ್ವ ತಂಡದ ಕೈಗೆ ಹೊಣೆ ಒಪ್ಪಿಸುವುದು ಅದರ ಯೋಜನೆ. 2019ರ ನವೆಂಬರ್‌ನಲ್ಲಿ ವ್ಯಾಟಿಕನ್ ಅದಕ್ಕೆ ತಡೆ ಹಾಕಿತು. 2020ರ ಜುಲೈನಲ್ಲಿ ಹೊರಬಂದ ಸೂಚನಾಪತ್ರವು ಚರ್ಚಿನ ನೇತೃತ್ವ ಧರ್ಮಗುರುವಿನದೇ ಎಂಬುದನ್ನು ಪುನರುಚ್ಚರಿಸಿತು.

ಇಲ್ಲಿಯ ಗುರಿಕಾರರು

ಕರ್ನಾಟಕಕ್ಕೆ ಈ ಚರ್ಚೆ ಹೊರಗಿನದಲ್ಲ. ಹೊಣೆ ಹಂಚಿಕೊಳ್ಳುವ ಪದ್ಧತಿ ಕರಾವಳಿಯ ಕಥೋಲಿಕರಲ್ಲಿ ವ್ಯಾಟಿಕನ್ ಮಹಾಸಭೆಗಿಂತ ಎಷ್ಟೋ ಹಳೆಯದು. ಚರ್ಚಿನ ವ್ಯಾಪ್ತಿಯನ್ನು ವಾಳೆಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಒಬ್ಬ ಗುರಿಕಾರನನ್ನು ನೇಮಿಸುವ ಕ್ರಮ ಇಲ್ಲಿ ಬೇರೂರಿದೆ. ಮದುವೆ, ಮರಣ, ಮನೆಮನೆಯ ಮನಸ್ತಾಪ ಯಾವುದಿದ್ದರೂ ಮೊದಲು ಬರುವವನು ಗುರಿಕಾರ. 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆವಾಸದಿಂದ ಬದುಕಿ ಮರಳಿದವರು ತಮ್ಮ ಊರುಗಳಲ್ಲಿ ಮತ್ತೆ ಚರ್ಚುಗಳನ್ನು ಕಟ್ಟಿ ನಿಲ್ಲಿಸಿದ್ದನ್ನು ಈ ಸಮುದಾಯ ಮರೆತಿಲ್ಲ.

ಇಂದು ಮಂಗಳೂರು ಧರ್ಮಪ್ರಾಂತ್ಯದಲ್ಲಿಯೂ 2012ರಲ್ಲಿ ಅದರಿಂದ ಬೇರ್ಪಟ್ಟ ಉಡುಪಿಯಲ್ಲಿಯೂ ಪಾಲನಾ ಮಂಡಳಿಗಳಿವೆ. ಧರ್ಮಗುರು ಅಧ್ಯಕ್ಷರಾದರೆ ಉಪಾಧ್ಯಕ್ಷ ಹಾಗೂ ಕಾರ್ಯದರ್ಶಿ ಸ್ಥಾನಗಳು ಶ್ರೀಸಾಮಾನ್ಯರಿಗೆ. ಮಹಿಳೆಯರೂ ಗುರಿಕಾರರಾಗಿದ್ದಾರೆ. ಧರ್ಮಗುರುಗಳು ಕೆಲವು ವರ್ಷಗಳಿಗೊಮ್ಮೆ ವರ್ಗವಾಗುತ್ತಾರೆ. ಊರಿನ ಕುಟುಂಬಗಳು ಉಳಿಯುತ್ತವೆ. ಒಬ್ಬರ ಕಾಲದಲ್ಲಿ ಆರಂಭವಾದ ಕಟ್ಟಡದ ಸಾಲವನ್ನು ಮುಂದಿನವರ ಕಾಲದಲ್ಲಿ ತೀರಿಸುವವರು ಈ ಕುಟುಂಬಗಳೇ. ಹಾಗಿರುವಾಗ ದೀರ್ಘಕಾಲದ ತೀರ್ಮಾನಗಳಲ್ಲಿ ಅವರಿಗೆ ಸ್ಥಾನವಿರಬೇಕೆಂಬ ಬೇಡಿಕೆ ಸಹಜವಾದದ್ದು.

ಇನ್ನೊಂದು ಮುಖವನ್ನೂ ಅಲಕ್ಷಿಸುವಂತಿಲ್ಲ. ಸ್ವಯಂಸೇವಕರ ಕೈಗೆ ಅಧಿಕಾರ ಬಂದಾಕ್ಷಣ ಎಲ್ಲವೂ ಸರಿಹೋಗುತ್ತದೆ ಎನ್ನಲಾಗದು. ಮಂಡಳಿಯ ಸ್ಥಾನಗಳು ಹತ್ತಾರು ವರ್ಷ ಅದೇ ನಾಲ್ಕು ಮನೆಗಳವರಲ್ಲಿ ಸುತ್ತುವ, ಚುನಾವಣೆ ಊರನ್ನೇ ಎರಡು ಪಂಗಡ ಮಾಡುವ ಅಪಾಯ ಯಾವ ಧಾರ್ಮಿಕ ಸಂಸ್ಥೆಗೂ ಹೊಸದಲ್ಲ. ಕೊನೆಯ ಮಾತು ಧರ್ಮಗುರುವಿನದಾಗಿರಲಿ ಎಂದು ವಾದಿಸುವವರ ಆತಂಕ ಇದೇ. ಅತ್ತ ಯುವಜನರು ಬೆಂಗಳೂರಿಗೂ ವಿದೇಶಗಳಿಗೂ ತೆರಳುತ್ತಿದ್ದಾರೆ. ಕುಟುಂಬಗಳು ಚಿಕ್ಕದಾಗಿವೆ. ಮನೆಗೊಬ್ಬ ಮಗ ಗುರುಮಠ ಸೇರುತ್ತಿದ್ದ ಕಾಲ ಹಿಂದೆ ಸರಿದಿದೆ. ನಾಳಿನ ಗುರುಗಳೂ ನಾಳಿನ ಸ್ವಯಂಸೇವಕರೂ ಬರಬೇಕಾದದ್ದು ಅವೇ ಮನೆಗಳಿಂದ ಎಂಬುದನ್ನು ಮರೆಯಬಾರದು.

ಸಿನೊಡ್ ತೋರಿದ ದಾರಿ

2021ರಲ್ಲಿ ಪೋಪ್ ಫ್ರಾನ್ಸಿಸ್ ಆರಂಭಿಸಿದ ಸಿನೊಡ್ ಪ್ರಕ್ರಿಯೆ ಈ ಬಿಕ್ಕಟ್ಟಿಗೆ ಕೈಹಾಕಿತು. 2024ರ ಅಕ್ಟೋಬರ್ 26ರಂದು ಅವರು ಅಂಗೀಕರಿಸಿದ ಅಂತಿಮ ದಾಖಲೆಯು ಪಾಲನಾ ಮಂಡಳಿಗಳನ್ನು ಕಡ್ಡಾಯಗೊಳಿಸಬೇಕು ಎಂದು ಒತ್ತಾಯಿಸುತ್ತದೆ. ಲೆಕ್ಕಪತ್ರ ಜನರ ಮುಂದಿಡಬೇಕು ಎನ್ನುತ್ತದೆ. ಮಂಡಳಿಗಳ ಅಭಿಪ್ರಾಯ 'ಸಲಹೆ ಮಾತ್ರ' ಎಂಬ ಕಾನೂನಿನ ಮಾತನ್ನೇ ಮರುಪರಿಶೀಲಿಸಬೇಕೆಂಬ ಸೂಚನೆಯೂ ಅದರಲ್ಲಿದೆ. 2025ರ ಏಪ್ರಿಲ್‌ನಲ್ಲಿ ಫ್ರಾನ್ಸಿಸ್ ನಿಧನರಾದರು. ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ ಹದಿನಾಲ್ಕನೇ ಲಿಯೋ ಅವರ ಕಾಲದಲ್ಲಿಯೂ ಪ್ರಕ್ರಿಯೆ ಮುಂದುವರಿದಿದ್ದು, 2028ರ ಅಕ್ಟೋಬರ್‌ನಲ್ಲಿ ವ್ಯಾಟಿಕನ್‌ನಲ್ಲಿ ಸಮಾವೇಶ ನಿಗದಿಯಾಗಿದೆ.

ಕಾನೂನು ಬದಲಾಗುವವರೆಗೆ ಕಾಯಬೇಕಾದ ಅಗತ್ಯ ಯಾವ ಚರ್ಚಿಗೂ ಇಲ್ಲ. ವರ್ಷಕ್ಕೊಮ್ಮೆ ಆಯವ್ಯಯವನ್ನು ಸಭೆಯಲ್ಲಿ ಓದುವುದು, ಮಂಡಳಿಯ ಸಲಹೆಯನ್ನು ತಿರಸ್ಕರಿಸಿದಾಗ ಕಾರಣ ಹೇಳುವುದು, ಒಬ್ಬರೇ ಎರಡು ಅವಧಿಗಿಂತ ಹೆಚ್ಚು ಸ್ಥಾನದಲ್ಲಿ ಉಳಿಯದಂತೆ ನೋಡಿಕೊಳ್ಳುವುದು, ಯುವಕ ಯುವತಿಯರಿಗೆ ಚಪ್ಪರದ ಕೆಲಸದೊಂದಿಗೆ ಲೆಕ್ಕದ ಪುಸ್ತಕವನ್ನೂ ಕೊಡುವುದು. ಇವುಗಳಿಗೆ ರೋಮಿನ ಅಪ್ಪಣೆ ಬೇಕಿಲ್ಲ. ಧರ್ಮಗುರುವಿನ ಮನಸ್ಸು ಹಾಗೂ ಜನರ ಪಟ್ಟು ಸಾಕು. ಹೊರೆ ಹೊರಲು ಮಾತ್ರ ಕರೆಸಿಕೊಂಡವರು ಒಂದು ದಿನ ದಣಿದು ಮನೆಯಲ್ಲೇ ಉಳಿಯುತ್ತಾರೆ. ಆ ದಿನ ಚರ್ಚಿನ ಬಾಗಿಲು ಮುಚ್ಚಲು ಯಾರ ಆದೇಶವೂ ಬೇಕಾಗದು.