ಮದರ್‌ಬೋರ್ಡಿನ ಮೇಲೂ ಆಂಪಿಯರುಗಳನ್ನು ಬರೆಯಲಿ

ಹೊಲದ ಬಾವಿಗೆ ಕೂಡಿಸಿರುವ ವಿದ್ಯುತ್ ಪಂಪನ್ನು ನೋಡದವರು ನಮ್ಮಲ್ಲಿ ವಿರಳ. ಅದರ ಮೋಟಾರಿಗೆ ಜಡಿದಿರುವ ಚಿಕ್ಕ ಲೋಹದ ಫಲಕವನ್ನು ಓದಿದವರು ಇನ್ನೂ ವಿರಳ. ಎಷ್ಟು ವೋಲ್ಟು, ಎಷ್ಟು ಆಂಪಿಯರು, ಎಷ್ಟು ಅಶ್ವಸಾಮರ್ಥ್ಯ ಎಂಬುದನ್ನೆಲ್ಲ ಅದರಲ್ಲಿ ಬರೆದಿರುತ್ತಾರೆ. ಸುತ್ತಲಿನ ಗಾಳಿಯ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡಿನವರೆಗೆ ಇದ್ದಾಗ ಈ ಅಂಕಿಗಳು ಸಲ್ಲುವುವೆಂದು ಅನೇಕ ಮೋಟಾರುಗಳಲ್ಲಿ ನಮೂದಿಸಿರುವುದೂ ಉಂಟು. ಅಂಥ ಪಂಪಿನಷ್ಟೇ ಬೆಲೆಯ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೆಲೆಯ ಇನ್ನೊಂದು ವಸ್ತುವನ್ನು ಇಂದು ನಮ್ಮ ವಿದ್ಯಾರ್ಥಿಗಳು ತಂದೆತಾಯಿಗಳಿಂದ ಹಣ ಪಡೆದು ಕೊಳ್ಳುತ್ತಿದ್ದಾರೆ. ಆಟವಾಡುವುದಕ್ಕೆಂದು ತಾವೇ ಜೋಡಿಸಿಕೊಳ್ಳುವ ಕಂಪ್ಯೂಟರಿನ ಮದರ್‌ಬೋರ್ಡೇ ಆ ವಸ್ತು. ಅದರ ಪೆಟ್ಟಿಗೆಯ ಮೇಲೆ “16+2+1 ಫೇಸ್” ಎಂದಿರುತ್ತದೆ, “ಮಿಲಿಟರಿ ದರ್ಜೆ” ಎಂದಿರುತ್ತದೆ, ಬಣ್ಣಬಣ್ಣದ ದೀಪಗಳ ಚಿತ್ರವಿರುತ್ತದೆ. ಪ್ರೊಸೆಸರಿಗೆ ಎಷ್ಟು ಆಂಪಿಯರನ್ನು, ಎಷ್ಟು ಹೊತ್ತು, ಯಾವ ಉಷ್ಣತೆಯಲ್ಲಿ ಕೊಡಬಲ್ಲದೆಂಬ ಒಂದು ಮಾತು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಆಂಪಿಯರುಗಳನ್ನೇ ಏಕೆ ಕೇಳಬೇಕು? ಪ್ರೊಸೆಸರು ಕೆಲಸ ಮಾಡುವುದು ಒಂದು ವೋಲ್ಟಿನ ಆಸುಪಾಸಿನಲ್ಲಿ. ಲೆಕ್ಕದ ಅನುಕೂಲಕ್ಕಾಗಿ 1.2 ವೋಲ್ಟು ಎನ್ನೋಣ. 2022 ರಲ್ಲಿ ಬಂದ ಇಂಟೆಲ್ ಕೋರ್ ಐ9-13900ಕೆ ಪ್ರೊಸೆಸರಿನ ಗರಿಷ್ಠ ಬಳಕೆಯನ್ನು ತಯಾರಕರೇ 253 ವಾಟು ಎಂದು ಹೇಳಿದ್ದಾರೆ. ನಾವು 240 ವಾಟನ್ನೇ ಹಿಡಿಯೋಣ. 240 ನ್ನು 1.2 ರಿಂದ ಭಾಗಿಸಿದರೆ 200 ಆಂಪಿಯರು! ಮನೆಯ ಇಸ್ತ್ರಿಪೆಟ್ಟಿಗೆ ಸೆಳೆಯುವುದು ನಾಲ್ಕೈದು ಆಂಪಿಯರು ಮಾತ್ರ. ಕಾರಿನ ಸ್ಟಾರ್ಟರ್ ಮೋಟಾರು ಇನ್ನೂರರ ಸಮೀಪಕ್ಕೆ ಹೋಗುವುದುಂಟು; ಆದರೆ ಅದಕ್ಕೆ ದಪ್ಪ ಕೇಬಲ್ ಇದೆ, ಕೆಲಸವೂ ಕೆಲವೇ ಕ್ಷಣಗಳದು. ಇಲ್ಲಿಯಾದರೋ ಕೂದಲಿಗಿಂತ ತೆಳುವಾದ ತಾಮ್ರದ ಹಾಳೆಗಳ ಮೂಲಕ ಗಂಟೆಗಟ್ಟಲೆ ಪ್ರವಾಹ ಹರಿಯಬೇಕು.

ಈ ಪ್ರವಾಹವನ್ನು ವಿದ್ಯುತ್ ಪೂರೈಕೆಯ ಡಬ್ಬಿಯಿಂದಲೇ 1.2 ವೋಲ್ಟಿನಲ್ಲಿ ತಂದರೆ ಏನಾಗುವುದೆಂದು ನೋಡೋಣ. ತಂತಿಯ ರೋಧ ಒಂದು ಓಮಿನ ಸಾವಿರದ ಐದು ಭಾಗವಿದ್ದರೂ ಸಾಕು, 200 ಆಂಪಿಯರಿಗೆ 1 ವೋಲ್ಟು ದಾರಿಯಲ್ಲಿಯೇ ಕಳೆದುಹೋಗುವುದು. ತಂತಿಯಲ್ಲಿ 200 ವಾಟು ಶಾಖವಾಗುವುದು. ಅದೇ ತಂತಿಯಲ್ಲಿ 12 ವೋಲ್ಟಿನಲ್ಲಿ 20 ಆಂಪಿಯರನ್ನು ತಂದರೆ ನಷ್ಟ ಕೇವಲ 2 ವಾಟು. 1902 ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೆಚ್ಚಿನ ವೋಲ್ಟೇಜಿನಲ್ಲಿ ವಿದ್ಯುತ್ತನ್ನು ಒಯ್ದುದರ ಹಿಂದೆಯೂ ಇದೇ ತತ್ತ್ವವಿದ್ದಿತು. ಆದುದರಿಂದ ಮದರ್‌ಬೋರ್ಡಿಗೆ 12 ವೋಲ್ಟು ಬರುತ್ತದೆ; ಪ್ರೊಸೆಸರಿನ ಮಗ್ಗುಲಲ್ಲಿಯೇ ಅದನ್ನು ಇಳಿಸುತ್ತಾರೆ.

ಇಳಿಸುವ ಬಗೆ ಜಾಣತನದ್ದು. ಟ್ರಾನ್ಸಿಸ್ಟರೊಂದು ಸೆಕೆಂಡಿಗೆ ಹಲವು ಲಕ್ಷ ಸಲ ತೆರೆದು ಮುಚ್ಚುವುದು. ಹತ್ತರಲ್ಲಿ ಒಂದು ಪಾಲು ಕಾಲ ತೆರೆದಿದ್ದರೆ ಸರಾಸರಿಯಲ್ಲಿ 12 ವೋಲ್ಟಿನ ಹತ್ತನೆಯ ಒಂದು ಭಾಗ, ಅಂದರೆ 1.2 ವೋಲ್ಟು ದೊರೆಯುತ್ತದೆ. ತಂತಿಯ ಸುರುಳಿಯೊಂದು ಈ ಏಟುಗಳನ್ನು ಮೆದುಗೊಳಿಸುವುದು. ಕೆಪಾಸಿಟರುಗಳು ತೊಟ್ಟಿಯಂತೆ ವಿದ್ಯುತ್ತನ್ನು ಸಂಗ್ರಹಿಸಿಟ್ಟುಕೊಂಡು, ಪ್ರೊಸೆಸರು ಥಟ್ಟನೆ ಹೆಚ್ಚು ಕೇಳಿದಾಗ ಒದಗಿಸುವುವು. ಇಂಥ ಒಂದು ಜೋಡಣೆಗೆ ಒಂದು ಫೇಸ್ ಎಂದು ಹೆಸರು. ಹಲವು ಫೇಸುಗಳು ಸರದಿಯ ಮೇಲೆ ಕೆಲಸ ಮಾಡುವುವು.

ಹಾಗಾದರೆ ಫೇಸುಗಳು ಹೆಚ್ಚಿದಷ್ಟೂ ಒಳ್ಳೆಯದಲ್ಲವೆ ಎಂದು ವಾಚಕರು ಕೇಳಬಹುದು. ಒಂದು ಮಟ್ಟಿಗೆ ನಿಜ. ಶಾಖವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ, 200 ಆಂಪಿಯರನ್ನು ನಾಲ್ಕಕ್ಕೆ ಬದಲು ಎಂಟು ಸಮಾನ ಫೇಸುಗಳಿಗೆ ಹಂಚಿದರೆ ರೋಧದಿಂದಾಗುವ ನಷ್ಟ ಅರ್ಧಕ್ಕೆ ಇಳಿಯುವುದು. ಆದರೆ “ಸಮಾನ” ಎಂಬ ಮಾತಿನಲ್ಲಿಯೇ ಗುಟ್ಟಿದೆ. ಒಬ್ಬ ತಯಾರಕನ ಎಂಟು ಫೇಸುಗಳಲ್ಲಿರುವ ಟ್ರಾನ್ಸಿಸ್ಟರುಗಳು ಇನ್ನೊಬ್ಬನ ಹದಿನಾಲ್ಕರಲ್ಲಿ ಇರುವುವಕ್ಕಿಂತ ಉತ್ತಮವಾಗಿರಬಹುದು. ಒಂದೇ ನಿಯಂತ್ರಣ ಸಂಕೇತಕ್ಕೆ ಎರಡು ಜೊತೆ ಭಾಗಗಳನ್ನು ಕಟ್ಟಿ ಎರಡು ಫೇಸು ಎಂದು ಎಣಿಸುವ ವಾಡಿಕೆಯೂ ಇದೆ. ಅದನ್ನು ಮೋಸವೆನ್ನಲಾಗದು, ಶಾಖವಂತೂ ಹಂಚಿಹೋಗುತ್ತದೆ. ಎಣಿಕೆ ಮಾತ್ರ ಉಬ್ಬಿದೆ. ಇನ್ನು 16+2+1 ಎಂಬುದರಲ್ಲಿ ಕೊನೆಯ ಎರಡು ಅಂಕಿಗಳು ಪ್ರೊಸೆಸರಿನ ಗಣಕಕೇಂದ್ರಗಳಿಗೆ ಸಂಬಂಧಿಸಿದುವೇ ಅಲ್ಲ. ಬೇರೆ ಭಾಗಗಳಿಗೆ ಸೇರಿದುವು.

ನಾವು ಮುಖ್ಯವೆಂದು ಎಣಿಸುವುದು ಶಾಖವನ್ನು. ಈ ಇಳಿಕೆಯ ವ್ಯವಸ್ಥೆ ನೂರಕ್ಕೆ 90 ರಷ್ಟು ದಕ್ಷವೆಂದು ಇಟ್ಟುಕೊಂಡರೂ 240 ವಾಟು ಕೊಡುವಾಗ ಸುಮಾರು 27 ವಾಟು ಅಲ್ಲಿಯೇ ಶಾಖವಾಗುತ್ತದೆ. ಪ್ರಯೋಗಶಾಲೆಯಲ್ಲಿ ನಾವು ಬಳಸುವ 25 ವಾಟಿನ ಸೋಲ್ಡರಿಂಗ್ ಐರನ್ನು ಸೀಸ ತವರಗಳ ಬೆಸುಗೆಯನ್ನು ಕರಗಿಸುವುದೆಂಬುದನ್ನು ನೆನೆದರೆ ಇದರ ಮಹತ್ತ್ವ ತಿಳಿಯುವುದು. ಟ್ರಾನ್ಸಿಸ್ಟರು ಬಿಸಿಯಾದಷ್ಟೂ ಅದರ ರೋಧ ಹೆಚ್ಚುವುದು, ರೋಧ ಹೆಚ್ಚಿದಷ್ಟೂ ಬಿಸಿ ಏರುವುದು. ಈ ಶಾಖವನ್ನು ಗಾಳಿಗೆ ಬಿಡುವ ಲೋಹದ ದಿಂಡಿಗೆ ಹೀಟ್‌ಸಿಂಕ್ ಎನ್ನುತ್ತಾರೆ. ಅಗ್ಗದ ಬೋರ್ಡುಗಳಲ್ಲಿ ಅದು ಇರುವುದೇ ಇಲ್ಲ. ದುಬಾರಿಯವುಗಳಲ್ಲಿ ಕೆಲವೊಮ್ಮೆ ಅಂದದ ಮುಚ್ಚಳವಷ್ಟೇ ಆಗಿ, ಗಾಳಿಯಾಡಲು ಸೀಳುಗಳೇ ಇಲ್ಲದಿರುವುದೂ ಉಂಟು.

ಬೋರ್ಡುಗಳನ್ನು ಪರೀಕ್ಷಿಸುವವರು ಹೆಚ್ಚಾಗಿ ತಂಪಾದ ಕೋಣೆಗಳಲ್ಲಿ ಕುಳಿತು ಅಳೆಯುವರು. 22 ಡಿಗ್ರಿಯ ಕೋಣೆಯಲ್ಲಿ ಟ್ರಾನ್ಸಿಸ್ಟರುಗಳ ಉಷ್ಣತೆ 85 ಡಿಗ್ರಿ ಇದ್ದರೆ, ಅದು ಕೋಣೆಗಿಂತ 63 ಡಿಗ್ರಿ ಹೆಚ್ಚು. ರಾಯಚೂರಿನಲ್ಲಿಯೋ ಕಲಬುರಗಿಯಲ್ಲಿಯೋ ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿಗೆ ಏರಿದಾಗ ಅದೇ ಬೋರ್ಡು 103 ಡಿಗ್ರಿಯನ್ನು ಮುಟ್ಟುವುದು. ಪೆಟ್ಟಿಗೆಯೊಳಗಿನ ಗಾಳಿ ಇನ್ನೂ ಬಿಸಿಯಿರುವುದನ್ನು ನಾವು ಲೆಕ್ಕಕ್ಕೆ ಹಿಡಿದೇ ಇಲ್ಲ. ಆಗ ಬೋರ್ಡು ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರಿನ ವೇಗವನ್ನು ತಗ್ಗಿಸುವುದು. ಆಟ ತಡವರಿಸುವುದು, ಹುಡುಗನು ಗ್ರಾಫಿಕ್ಸ್ ಕಾರ್ಡನ್ನು ದೂಷಿಸಿ, ಅದನ್ನು ಬದಲಾಯಿಸಲು ಮತ್ತೆ ಹಣ ಕೇಳುವನು! ದೊಡ್ಡ ಗ್ರಾಫಿಕ್ಸ್ ಕಾರ್ಡಾದರೋ ತನಗೆ ಬೇಕಾದ ಶಕ್ತಿಯ ಹೆಚ್ಚಿನ ಪಾಲನ್ನು ಪ್ರತ್ಯೇಕ ಕೇಬಲಿನಿಂದ ಪಡೆಯುತ್ತದೆ. ಬೋರ್ಡಿನ ಗಾಡಿಯಿಂದ ಅದಕ್ಕೆ ಸಲ್ಲುವುದು ಹೆಚ್ಚೆಂದರೆ 75 ವಾಟು.

ಹೆಚ್ಚು ಕೊಡಬಲ್ಲ ಬೋರ್ಡು ಮಿತಿಯನ್ನೂ ಅರಿತಿರಬೇಕು. 2023 ರಲ್ಲಿ ಎಎಂಡಿ ಸಂಸ್ಥೆಯ ಕೆಲವು ರೈಜೆನ್ 7000 ಪ್ರೊಸೆಸರುಗಳು ಸುಟ್ಟುಹೋದ ಸುದ್ದಿ ಬಂದ ಮೇಲೆ, ಅವುಗಳ ಒಂದು ಭಾಗಕ್ಕೆ ಬೋರ್ಡು ಕೊಡುವ ವೋಲ್ಟೇಜು 1.3 ನ್ನು ಮೀರದಂತೆ ಆ ಸಂಸ್ಥೆ ಕಟ್ಟು ಹಾಕಿತು. ಇಂಟೆಲಿನ 13 ಮತ್ತು 14ನೆಯ ಪೀಳಿಗೆಯ ಪ್ರೊಸೆಸರುಗಳು ಅಸ್ಥಿರವಾದಾಗ, ಅವುಗಳಲ್ಲಿ ವೋಲ್ಟೇಜು ಮಿತಿಮೀರುತ್ತಿದ್ದುದನ್ನು ಸಂಸ್ಥೆಯೇ 2024 ರಲ್ಲಿ ಒಪ್ಪಿ ತಿದ್ದುಪಡಿಯನ್ನು ಹೊರಡಿಸಿತು. ತಾನು ಹೇಳಿದ ಮಿತಿಗಳಲ್ಲಿಯೇ ಬೋರ್ಡುಗಳನ್ನು ನಡೆಸಬೇಕೆಂದೂ ತಿಳಿಸಿತು. ಅಷ್ಟರವರೆಗೆ ಅನೇಕ ಬೋರ್ಡುಗಳು ವೇಗದ ಪೈಪೋಟಿಯಲ್ಲಿ ಆ ಮಿತಿಗಳನ್ನು ಸಡಿಲಬಿಟ್ಟೇ ಮಾರಾಟವಾಗುತ್ತಿದ್ದುವು. ಆದುದರಿಂದ ತಯಾರಕನು ಬೋರ್ಡಿನ ಒಳಗಿನ ತಂತ್ರಾಂಶಕ್ಕೆ ಎಷ್ಟು ವರ್ಷ ತಿದ್ದುಪಡಿ ಒದಗಿಸುತ್ತಾನೆಂಬುದನ್ನೂ ವಿಚಾರಿಸಬೇಕು.

ಹೀಗೆಂದು ಅತಿ ದುಬಾರಿಯ ಬೋರ್ಡನ್ನೇ ಕೊಳ್ಳಿರೆಂದು ನಾವು ಹೇಳುತ್ತಿಲ್ಲ. 2023 ರಲ್ಲಿ ಬಂದು ಆಟಗಾರರ ಮೆಚ್ಚುಗೆ ಪಡೆದ ರೈಜೆನ್ 7 7800ಎಕ್ಸ್3ಡಿ ಪ್ರೊಸೆಸರಿನ ಮಿತಿ 162 ವಾಟು. ಆಟದ ಸಮಯದಲ್ಲಿ ಅದು ಸಾಮಾನ್ಯವಾಗಿ 100 ವಾಟನ್ನೂ ಬಳಸುವುದಿಲ್ಲ. ರೈಜೆನ್ 5 7600 ರ ಮಿತಿ 88 ವಾಟು ಮಾತ್ರ. ಇಂಥವಕ್ಕೆ ಹೀಟ್‌ಸಿಂಕ್ ಸರಿಯಾಗಿರುವ ನಡುಮಟ್ಟದ ಬೋರ್ಡು ಧಾರಾಳವಾಗಿ ಸಾಕು. ಹದಿನಾರು ಫೇಸುಗಳಿಗೆ ಸುರಿಯುವ ಹಣ ಇಲ್ಲಿ ಬಹುಮಟ್ಟಿಗೆ ವ್ಯರ್ಥ.

ತಯಾರಕರು ಮಾಡಬೇಕಾದುದು ಅಷ್ಟೇನೂ ಕಷ್ಟದ್ದಲ್ಲ. “ಸುತ್ತಲಿನ ಗಾಳಿ 40 ಡಿಗ್ರಿ ಇರುವಾಗ, ಪ್ರೊಸೆಸರಿಗೆ ಎಡೆಬಿಡದೆ ಇಷ್ಟು ಆಂಪಿಯರು” ಎಂಬ ಒಂದು ಸಾಲನ್ನು ಪೆಟ್ಟಿಗೆಯ ಮೇಲೆ ಅಚ್ಚುಮಾಡಲಿ. ಬೋರ್ಡನ್ನು ರೂಪಿಸುವಾಗ ಅವರು ಈ ಲೆಕ್ಕವನ್ನು ಹೇಗೂ ಮಾಡಲೇಬೇಕು. ಆ ಸಾಲು ಕಾಣಿಸಿಕೊಳ್ಳುವವರೆಗೆ ಕೊಳ್ಳುವ ವಿದ್ಯಾರ್ಥಿಯು ಅಂಗಡಿಗೆ ಹೋಗುವ ಮೊದಲು ಪ್ರೊಸೆಸರಿನ ಗರಿಷ್ಠ ವಾಟುಗಳನ್ನು ಚೀಟಿಯಲ್ಲಿ ಬರೆದುಕೊಳ್ಳಲಿ. ಆ ಬೋರ್ಡನ್ನು ಅಷ್ಟೇ ಭಾರದಲ್ಲಿ ಅರ್ಧ ಗಂಟೆಯಾದರೂ ಓಡಿಸಿ ಅಳೆದ ವರದಿಯನ್ನು ಹುಡುಕಲಿ. ಅದರಲ್ಲಿ ಕೋಣೆಯ ಉಷ್ಣತೆಯನ್ನು ಕೊಟ್ಟಿದೆಯೇ ಎಂದು ನೋಡಿ, ತನ್ನ ಊರಿನ ಬೇಸಗೆಗೆ ಎಷ್ಟು ಡಿಗ್ರಿ ಕೂಡಿಸಬೇಕೆಂಬುದನ್ನು ತಾನೇ ಲೆಕ್ಕ ಹಾಕಲಿ. ಕೂಡಿಸಿದ ಮೊತ್ತ 100 ಡಿಗ್ರಿಯನ್ನು ದಾಟಿದರೆ ಇನ್ನೊಂದು ಬೋರ್ಡನ್ನು ತೋರಿಸಲು ಕೇಳುವುದು ಲೇಸು.