ಸೈನಿಕನಿಗೆ ಆರು ದಿನ, ಪ್ರವಾಸಿಗೆ ಒಂದು ರಾತ್ರಿ

ಮುಂಜಾನೆ ಬೆಂಗಳೂರಿನಲ್ಲಿ ವಿಮಾನ ಹತ್ತಿ ದೆಹಲಿಯಲ್ಲಿ ಬದಲಿಸಿದರೆ ಅದೇ ದಿನ ಲೇಹ್ ತಲುಪಬಹುದು. ನಿನ್ನೆ ರಾತ್ರಿ 3,000 ಅಡಿ ಎತ್ತರದಲ್ಲಿ ಮಲಗಿದ್ದವರಿಗೆ ಇಂದು 11,500 ಅಡಿಯಲ್ಲಿ ಹಾಸಿಗೆ. ಹಲವು ಪ್ಯಾಕೇಜುಗಳಲ್ಲಿ ಮರುದಿನ ಬೆಳಿಗ್ಗೆಯೇ 17,500 ಅಡಿ ದಾಟುವ ಖರ್ದುಂಗ್ ಲಾ. ಅಲ್ಲೊಂದು ಸೆಲ್ಫಿ, ಒಂದು ಚಹಾ, ಜೊತೆಗೆ ಒಬ್ಬಿಬ್ಬರಿಗೆ ತಲೆ ಸಿಡಿತ, ವಾಂತಿ.

ಇದೇ ಲೇಹ್‌ಗೆ ಕರ್ತವ್ಯದ ಮೇಲೆ ಬರುವ ಸೈನಿಕನನ್ನು ಸೇನೆ ಹೀಗೆ ಹತ್ತಿಸುವುದಿಲ್ಲ. 9,000ದಿಂದ 12,000 ಅಡಿಯ ಹಂತದಲ್ಲಿ ಅವನಿಗೆ 6 ದಿನ. ಅದರಲ್ಲಿ ಮೊದಲ ಎರಡು ದಿನ ವಿಶ್ರಾಂತಿಯೇ ಕೆಲಸ. 15,000 ಅಡಿವರೆಗಿನ ಹಂತಕ್ಕೆ 4 ದಿನ, ಅದಕ್ಕೂ ಮೇಲೆ ಹೋಗಬೇಕಾದರೆ ಇನ್ನೂ 4 ದಿನ. ಈ ಶಿಸ್ತನ್ನು ಸೇನೆ ಕಲಿತದ್ದು ಬೆಲೆ ತೆತ್ತು. 1962ರ ಯುದ್ಧಕಾಲದಲ್ಲಿ ಬಯಲುನಾಡಿನ ತುಕಡಿಗಳನ್ನು ತರಾತುರಿಯಲ್ಲಿ ಹಿಮಾಲಯಕ್ಕೆ ಸಾಗಿಸಿದಾಗ ಗುಂಡು ತಗಲದೆಯೂ ಸೈನಿಕರು ಹಾಸಿಗೆ ಹಿಡಿದರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಇಂಥ 1,925 ಸೈನಿಕರನ್ನು ಪರೀಕ್ಷಿಸಿ 1969ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪರ್ವತ ವೈದ್ಯಕೀಯ ಬಲ್ಲವರು ಇಂದಿಗೂ ಉಲ್ಲೇಖಿಸುತ್ತಾರೆ. ಕಟ್ಟುಮಸ್ತಾದ ಜವಾನನಿಗೇ ಬೇಕಾದ ಸಮಯ, ವರ್ಷವಿಡೀ ಕುರ್ಚಿಯಲ್ಲಿ ಕುಳಿತವರಿಗೆ ಬೇಡವೇ?

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಪಾಲು ಎಲ್ಲೆಡೆಯೂ ಶೇ. 21ರಷ್ಟೇ. ಇಳಿಯುವುದು ಗಾಳಿಯ ಒತ್ತಡ. 18,000 ಅಡಿಯಲ್ಲಿ ಅದು ಸಮುದ್ರಮಟ್ಟದ ಅರ್ಧಕ್ಕೆ ಬಂದಿರುತ್ತದೆ. ಒಂದೊಂದು ಉಸಿರಿಗೂ ದಕ್ಕುವ ಆಮ್ಲಜನಕ ಅಷ್ಟೇ ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ: ಉಸಿರಾಟ ಹೆಚ್ಚುತ್ತದೆ, ಅದರಿಂದ ಏರುಪೇರಾದ ರಕ್ತದ ಕ್ಷಾರತೆಯನ್ನು ಮೂತ್ರಪಿಂಡಗಳು ಸರಿದೂಗಿಸುತ್ತವೆ. ಆದರೆ ಈ ಕೆಲಸಕ್ಕೆ ದಿನಗಳು ಬೇಕು. ಅದಕ್ಕೆ ಪುರುಸೊತ್ತು ಕೊಡದೆ ಏರಿದರೆ ಕೆಲವೇ ಗಂಟೆಗಳಲ್ಲಿ ತಲೆನೋವು, ಹೊಟ್ಟೆ ತೊಳಸುವಿಕೆ, ಸುಸ್ತು, ತಲೆಸುತ್ತು ಶುರುವಾಗುತ್ತವೆ.

ಈ ಹಂತದಲ್ಲಿ ಮೇಲೇರದೆ ಅಲ್ಲೇ ನಿಂತರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಗುಂಪಿಗೆ ತೊಂದರೆಯಾದೀತೆಂದು ಮಾತ್ರೆ ನುಂಗಿ, ಬಾಯಿ ಮುಚ್ಚಿಕೊಂಡು ನಡೆದರೆ ಎರಡು ದಾರಿಗಳಲ್ಲಿ ಅಪಾಯ ಬರುತ್ತದೆ. ಮೆದುಳು ಊದಿಕೊಂಡರೆ ಕುಡಿಯದವರೂ ತೂರಾಡುತ್ತಾರೆ, ಮಾತು ತೊದಲುತ್ತದೆ. ಹಿಮ್ಮಡಿಗೆ ಕಾಲ್ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಸಿ ನೋಡಿದರೆ ಗೊತ್ತಾಗುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದರೆ ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು. ಎರಡಕ್ಕೂ ಮುಖ್ಯ ಮದ್ದು ಒಂದೇ: ತಕ್ಷಣ ಕೆಳಗಿಳಿಸುವುದು, ರೋಗಿಯನ್ನು ಒಬ್ಬರನ್ನೇ ಕಳಿಸದೆ. ಸಿಲಿಂಡರಿನ ಆಮ್ಲಜನಕ, ಚುಚ್ಚುಮದ್ದುಗಳು ಇಳಿಯುವ ತನಕ ಜೀವ ಹಿಡಿದಿಡಬಹುದು, ಇಳಿಯುವುದನ್ನು ತಪ್ಪಿಸಲಾರವು.

ನಮ್ಮ ಚಾರಣಿಗರಲ್ಲಿ ಇನ್ನೊಂದು ಭ್ರಮೆಯಿದೆ. ಕುಮಾರಪರ್ವತ ಒಂದೇ ದಿನಕ್ಕೆ ಹತ್ತಿಳಿದವನಿಗೆ ಹಿಮಾಲಯ ಯಾವ ಲೆಕ್ಕ ಎಂಬುದು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 6,330 ಅಡಿ. ಈ ಎತ್ತರದ ಕಾಯಿಲೆ ಶುರುವಾಗುವುದು ಸುಮಾರು 8,000 ಅಡಿಯ ಮೇಲೆ. ನಮ್ಮ ಬೆಟ್ಟಗಳಲ್ಲಿ ಕಾಲು, ಎದೆ ಗಟ್ಟಿಯಾಗುತ್ತವೆ; ಎತ್ತರದ ಅಭ್ಯಾಸ ಮಾತ್ರ ಆಗುವುದಿಲ್ಲ. ಗಟ್ಟಿಮುಟ್ಟಾದವರು ಬೇಗ ಬೇಗ ಏರುವುದರಿಂದ ಅವರೇ ಮೊದಲು ಮಲಗುವುದೂ ಉಂಟು. ಪೊಟ್ಟಣ ಕಟ್ಟಿಕೊಂಡ ಕರ್ಪೂರ ಮೂಗಿಗೆ ಹಾಯೆನಿಸಬಹುದು, ರಕ್ತಕ್ಕೆ ಆಮ್ಲಜನಕ ಸೇರಿಸದು. ಡೈಮಾಕ್ಸ್ ಮಾತ್ರೆ ಹೊಂದಿಕೆಯನ್ನು ಚುರುಕುಗೊಳಿಸುತ್ತದೆ ನಿಜ. ಅದನ್ನು ವೈದ್ಯರನ್ನು ಕೇಳಿಯೇ, ಏರುವ ಹಿಂದಿನ ದಿನದಿಂದ ತೆಗೆದುಕೊಳ್ಳಬೇಕು. ಸಲ್ಫಾ ಔಷಧಿ ಒಗ್ಗದವರು ಮೊದಲೇ ಹೇಳಬೇಕು. ಮೊದಲ ದಿನಗಳಲ್ಲಿ ಮದ್ಯ, ನಿದ್ರೆಮಾತ್ರೆ ಬೇಡ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋದ ತಂಡದ ಒಂಬತ್ತು ಮಂದಿ ಹಿಮಗಾಳಿಗೆ ಬಲಿಯಾದಾಗ ನಾವೆಲ್ಲ ಹವಾಮಾನ, ಸಲಕರಣೆ, ರಕ್ಷಣಾ ವ್ಯವಸ್ಥೆಯ ಬಗ್ಗೆ ಮಾತಾಡಿದೆವು. ಮಾತಾಡಲೇಬೇಕಿತ್ತು. ಆದರೆ ಹಿಮಗಾಳಿ ಹೇಳಿ ಬರುವುದಿಲ್ಲ. ಎತ್ತರದ ಕಾಯಿಲೆಯ ಅಪಾಯವನ್ನಾದರೋ ಮನೆಯಲ್ಲಿ ಕುಳಿತು, ಪ್ರವಾಸದ ವೇಳಾಪಟ್ಟಿಯಲ್ಲೇ ಓದಿಕೊಳ್ಳಬಹುದು. 10,000 ಅಡಿ ದಾಟಿದ ಮೇಲೆ ಒಂದು ರಾತ್ರಿಯ ಮಲಗುವ ಜಾಗಕ್ಕೂ ಮರುರಾತ್ರಿಯದಕ್ಕೂ 1,600 ಅಡಿಗಿಂತ ಹೆಚ್ಚು ಅಂತರ ಇರಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಏರದೆ ತಂಗುವ ದಿನ ಇರಬೇಕು. ಲೇಹ್‌ಗೆ ವಿಮಾನದಲ್ಲಿ ಇಳಿದವರು ಕನಿಷ್ಠ ಎರಡು ದಿನ ವಿಶ್ರಮಿಸಬೇಕೆಂದು ಅಲ್ಲಿನ ಆಡಳಿತವೂ ಹೇಳುತ್ತದೆ.

ಇದು ತಿಳಿಯದ ವಿಷಯವೇನಲ್ಲ. ತಂಗುವ ಒಂದು ದಿನವೆಂದರೆ ಆಯೋಜಕರಿಗೆ ಖರ್ಚು, ಗ್ರಾಹಕರಿಗೆ ಒಂದು ರಜೆ; ಇಬ್ಬರೂ ಸೇರಿ ಅದನ್ನೇ ಮೊದಲು ಕತ್ತರಿಸುತ್ತಾರೆ. ಕೈಲಾಸ ಮಾನಸ ಸರೋವರ ಯಾತ್ರಿಗಳಿಗೆ ಸಹಾಯಧನ ನೀಡುವ ನಮ್ಮ ರಾಜ್ಯ ಸರ್ಕಾರ, ಹಣದ ಜೊತೆಗೆ ಈ ತಿಳಿವಳಿಕೆಯನ್ನೂ ಕನ್ನಡದಲ್ಲಿ ಕೊಡಲಿ. ಇಲ್ಲಿಂದ ಹಿಮಾಲಯಕ್ಕೆ ಜನರನ್ನು ಕರೆದೊಯ್ಯುವ ಪ್ರತಿ ಸಂಸ್ಥೆಯೂ ತನ್ನ ಕರಪತ್ರದಲ್ಲಿ ಊಟ, ಹೋಟೆಲು, ಬಸ್ಸಿನ ವಿವರದ ಪಕ್ಕದಲ್ಲಿ ಪ್ರತಿ ರಾತ್ರಿ ಮಲಗುವ ಜಾಗದ ಎತ್ತರವನ್ನು ಅಚ್ಚು ಹಾಕಲಿ. ಹಾಗೆ ಹಾಕುವಂತೆ ಮಾಡುವ ಶಕ್ತಿ ಕಾನೂನಿಗಿಂತ ಬೇಗ ಗ್ರಾಹಕರ ಕೈಯಲ್ಲಿದೆ: ಆ ಅಂಕಿ ಕಾಣದ ಪ್ಯಾಕೇಜಿಗೆ ಮುಂಗಡ ಕೊಡಬೇಡಿ.