ಗುಳಿಗೆಗಿರುವ ಕಾವಲು ಕೂಲಿಯ ಎದೆಗೇಕಿಲ್ಲ?



ಔಷಧದ ಕಾರ್ಖಾನೆಗಳಲ್ಲಿ ಪುಡಿಯನ್ನು ಕಾಯುವಷ್ಟು ಜಾಗ್ರತೆಯಿಂದ ಪುಡಿ ಹೊರುವ ಮನುಷ್ಯನನ್ನು ಕಾಯುತ್ತಿಲ್ಲ. ಇದೇ ನಮ್ಮ ದೂರು. ಇದನ್ನು ಸಿಟ್ಟಿನಿಂದಲೇ ಹೇಳುತ್ತೇವೆ, ಆದರೆ ಬರೀ ಸಿಟ್ಟಿನಿಂದ ಹೇಳುವುದಿಲ್ಲ. ಕಾರಣಗಳನ್ನು ಒಂದೊಂದಾಗಿ ಮುಂದಿಡುತ್ತೇವೆ. ಹೊಸೂರಿಗೆ, ಗೋವೆಯ ವೆರ್ಣಾಕ್ಕೆ, ಜಹೀರಾಬಾದಿನ ಕಡೆಯಿಂದ ಪಟಾನ್‌ಚೆರುವಿಗೆ ಕೆಲಸ ಹುಡುಕಿ ಹೋಗುವ ನಮ್ಮ ಮನೆಗಳ ಮಕ್ಕಳಿಗೆ ಇದು ತಿಳಿದಿರಬೇಕು.

ಗುಳಿಗೆಯೆಂದರೆ ಒತ್ತಿ ಗಟ್ಟಿಮಾಡಿದ ಪುಡಿ. ರೋಗಕ್ಕೆ ನಾಟುವ ಔಷಧ ಅದರಲ್ಲಿ ಎಷ್ಟೋ ವೇಳೆ ಚಿಟಿಕೆಯಷ್ಟೂ ಇರುವುದಿಲ್ಲ. ಉಳಿದದ್ದು ಗಾತ್ರಕ್ಕೆ ತುಂಬಿದ ಪುಡಿ, ಅಂಟಿಗೆ ಹಾಕಿದ ಪುಡಿ, ಜಾರಲೆಂದು ಹಾಕಿದ ಪುಡಿ. ಬಹಳ ನಯವಾದ ಪುಡಿ ಮೈದಾಹಿಟ್ಟಿನ ಹಾಗೆ ಗಂಟುಕಟ್ಟಿ ನಿಲ್ಲುತ್ತದೆ, ಅಚ್ಚಿನೊಳಕ್ಕೆ ಸಮನಾಗಿ ಇಳಿಯುವುದಿಲ್ಲ. ದಪ್ಪದ್ದೂ ನಯವಾದದ್ದೂ ಬೆರೆತಿದ್ದರೆ, ಡಬ್ಬ ಅಲುಗಿದಾಗ ನಯವಾದದ್ದು ಕೆಳಗಿಳಿದು ಒಂದು ಗುಳಿಗೆಗೆ ಔಷಧ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬೀಳುತ್ತದೆ. ಅದಕ್ಕಾಗಿಯೇ ಪುಡಿಯನ್ನು ಒದ್ದೆಮಾಡಿ, ರವೆಯ ಹಾಗೆ ಕಾಳುಕಟ್ಟಿಸಿ, ಬಿಸಿಗಾಳಿ ಊದಿ ಒಣಗಿಸಿ, ಜರಡಿ ಹಿಡಿದು, ಆಮೇಲೆ ಒತ್ತುತ್ತಾರೆ. ಜಾರಲೆಂದು ಹಾಕುವ ಮೆಗ್ನೀಸಿಯಂ ಸ್ಟಿಯರೇಟು ನೂರಕ್ಕೆ ಒಂದು ಪಾಲಿನ ಆಸುಪಾಸು. ಅಷ್ಟನ್ನೇ ಹೊತ್ತು ಮೀರಿ ಕಲಸಿದರೂ ಗುಳಿಗೆ ಮೆತ್ತಗಾಗುತ್ತದೆ, ಹೊಟ್ಟೆಯಲ್ಲಿ ತಡವಾಗಿ ಕರಗುತ್ತದೆ. ಇಷ್ಟು ಸೂಕ್ಷ್ಮದ ವಿದ್ಯೆ ಇದು.

ಈ ವಿದ್ಯೆಯನ್ನು ಜನ ಕಷ್ಟಪಟ್ಟು ಕಲಿತರು. 1968ರ ಸುಮಾರಿಗೆ ಆಸ್ಟ್ರೇಲಿಯಾದಲ್ಲಿ ಮೂರ್ಛೆರೋಗದ ಫೆನಿಟೋಯಿನ್ ಕ್ಯಾಪ್ಸೂಲಿನೊಳಗಿನ ತುಂಬುಪುಡಿಯನ್ನು ಬದಲಿಸಿ, ಕ್ಯಾಲ್ಸಿಯಂ ಸಲ್ಫೇಟಿನ ಬದಲು ಲ್ಯಾಕ್ಟೋಸ್ ಹಾಕಿದರು. ಔಷಧದ ತೂಕ ಹೆಚ್ಚಲಿಲ್ಲ, ಆದರೆ ರಕ್ತಕ್ಕೆ ಸೇರುವುದು ಹೆಚ್ಚಿ ರೋಗಿಗಳು ವಿಷವೇರಿ ತೂರಾಡಿದರು. 1972ರಲ್ಲಿ ಬ್ರಿಟನ್ನಿನಲ್ಲಿ ಹೃದಯರೋಗದ ಡಿಗಾಕ್ಸಿನ್ ಗುಳಿಗೆ ಮಾಡುವ ಕ್ರಮ ಬದಲಾಗಿ ಕಣ ನಯವಾಯಿತು. ಅದೇ ತೂಕದ ಔಷಧ ಸುಮಾರು ಇಮ್ಮಡಿಯಾಗಿ ರಕ್ತಕ್ಕೆ ಸೇರತೊಡಗಿತು. ಅಂದಿನಿಂದ ಕಣದ ಅಳತೆಗೆ ಕಾವಲು ಬಂತು. ಇಂದು ಮೈಕ್ರಾನಿನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಲ್ಲಿ, ಅಳೆದು ಬರೆದಿಡುತ್ತಾರೆ. ಒಳ್ಳೆಯದೇ. ಗುಳಿಗೆ ನುಂಗುವ ರೋಗಿಯೂ ನಮ್ಮವನೇ.

ಆದರೆ ಇಲ್ಲಿ ಒಂದು ಪ್ರಶ್ನೆ ಕೇಳುತ್ತೇವೆ. ದಮ್ಮು ಇರುವವರಿಗೆ ಬಾಯಿಯಿಂದ ಎಳೆದುಕೊಳ್ಳುವ ಪುಡಿಮದ್ದು ಕೊಡುತ್ತಾರಲ್ಲ, ಅದರ ಕಣ 1ರಿಂದ 5 ಮೈಕ್ರಾನ್ ಇರಬೇಕೆಂದು ಇದೇ ಶಾಸ್ತ್ರ ಹೇಳುತ್ತದೆ. ಏಕೆಂದರೆ ಅದಕ್ಕಿಂತ ದೊಡ್ಡದು ಬಾಯಿ ಗಂಟಲಲ್ಲೇ ನಿಲ್ಲುತ್ತದೆ. ಅಷ್ಟು ಸಣ್ಣದು ಮಾತ್ರ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಹಾಗಾದರೆ ಬೇಗ ಕರಗಲೆಂದು ಗಾಳಿಯ ಗಿರಣಿಯಲ್ಲಿ ಹತ್ತು ಮೈಕ್ರಾನಿಗೂ ಕೆಳಗೆ ಬೀಸಿದ ಔಷಧವನ್ನು ಚೀಲದಿಂದ ಪೀಪಾಯಿಗೆ ಸುರಿಯುವ ಕೆಲಸಗಾರನ ಎದೆಗೆ ಅದು ಇಳಿಯುವುದಿಲ್ಲವೇ? ರೋಗಿಗೆ ಬೇಕೆಂದಾಗ ಕಣ ಎಲ್ಲಿಯವರೆಗೆ ಹೋಗುತ್ತದೆಂದು ಬಲ್ಲವರು, ಕೂಲಿಗೆ ಬೇಡವಾದಾಗ ಅದೇ ಕಣ ಹೋಗುತ್ತದೆಂಬುದನ್ನು ಅರಿಯರೆಂದು ನಾವು ನಂಬಬೇಕೇ?

ಅರಿಯರೆನ್ನಲು ದಾರಿಯಿಲ್ಲ. 1970ರ ದಶಕದಲ್ಲಿ ಪೋರ್ಟೊರಿಕೋದಲ್ಲಿ ಸಂತಾನನಿರೋಧದ ಗುಳಿಗೆ ಮಾಡುವ ಕಾರ್ಖಾನೆಯ ಕೆಲಸಗಾರರನ್ನು ವೈದ್ಯರು ಪರೀಕ್ಷಿಸಿದರು. ಹೆಣ್ಣಿನ ಹಾರ್ಮೋನಿನ ಧೂಳು ಮೈಸೇರಿ ಗಂಡಸರಿಗೆ ಎದೆ ಬೆಳೆದಿತ್ತು. ಹೆಂಗಸರಿಗೆ ತಿಂಗಳ ನಡುವೆ ರಕ್ತ ಹೋಗುತ್ತಿತ್ತು. ಆ್ಯಂಪಿಸಿಲಿನ್, ಸ್ಪೈರಮೈಸಿನ್ ಪುಡಿಗಳಲ್ಲಿ ದುಡಿದವರಿಗೆ ದಮ್ಮು ಹಿಡಿದದ್ದು ಅದೇ ದಶಕದಲ್ಲಿ ಇಂಗ್ಲೆಂಡಿನ ವೈದ್ಯಪತ್ರಿಕೆಗಳಲ್ಲಿ ಅಚ್ಚಾಗಿದೆ. ಮಲಬದ್ಧತೆಗೆ ಕೊಡುವ ಇಸಬ್ಗೋಲಿನಂಥ ಸಾಧು ಪುಡಿಯಿಂದಲೂ ದಮ್ಮು ಬಂದವರಿದ್ದಾರೆ.

ಧೂಳು ಎದೆಯನ್ನಷ್ಟೇ ಕೆಡಿಸುವುದಿಲ್ಲ, ಸಿಡಿಯುತ್ತದೆ. 2025ರ ಜೂನ್ 30ರ ಬೆಳಿಗ್ಗೆ ಸಂಗಾರೆಡ್ಡಿ ಜಿಲ್ಲೆಯ ಪಾಶಮೈಲಾರಂನಲ್ಲಿ ಸಿಗಾಚಿ ಕಾರ್ಖಾನೆ ಸಿಡಿಯಿತು. ದೇಹವೇ ಸಿಗದ 8 ಮಂದಿಯನ್ನೂ ಸೇರಿಸಿ 54 ಜನ ಸತ್ತರು. ಬಿಹಾರ, ಒಡಿಶಾ, ಉತ್ತರ ಪ್ರದೇಶಗಳಿಂದ ಹೊಟ್ಟೆಪಾಡಿಗೆ ಬಂದವರು ಅವರಲ್ಲಿ ಅನೇಕರು. ಅಲ್ಲಿ ತಯಾರಾಗುತ್ತಿದ್ದುದು ಮದ್ದುಗುಂಡಲ್ಲ. ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್, ಅಂದರೆ ಮರದ ತಿರುಳನ್ನು ಆಮ್ಲದಲ್ಲಿ ಬೇಯಿಸಿ, ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿದ ಬಿಳಿಯ ಪುಡಿ. ಒತ್ತಿದರೆ ಚೆನ್ನಾಗಿ ಕೂಡಿಕೊಳ್ಳುತ್ತದೆಂದು ಲೋಕದ ಎಷ್ಟೋ ಗುಳಿಗೆಗಳಲ್ಲಿ ಅದಿದೆ. ನುಂಗಿದರೆ ಏನೂ ಮಾಡದ ಪುಡಿ. ಆದರೆ ಸೌದೆಯನ್ನು ಐವತ್ತು ನೂರು ಮೈಕ್ರಾನಿಗೆ ಸೀಳಿ ಗಾಳಿಗೆ ತೂರಿದರೆ ಅದು ಸೌದೆಯ ಹಾಗೆ ಉರಿಯುವುದಿಲ್ಲ, ಒಂದೇ ಕ್ಷಣದಲ್ಲಿ ಉರಿದುಬಿಡುತ್ತದೆ. ಉರಿಯುವ ಧೂಳು, ಗಾಳಿ, ಧೂಳು ತೇಲಿ ಹರಡಿರುವುದು, ಮುಚ್ಚಿದ ಜಾಗ, ಒಂದು ಕಿಡಿ: ಈ ಐದೂ ಕೂಡಿದರೆ ಸಾಕು. ಮೊದಲ ಸಿಡಿತ ಚಿಕ್ಕದಿರಬಹುದು. ಅದರ ಗಾಳಿ ತೊಲೆಗಳ ಮೇಲೆ, ಕೊಳವೆಗಳ ಮೇಲೆ ಕೂತ ಧೂಳನ್ನು ಎಬ್ಬಿಸಿ ಎರಡನೆಯ ಸಿಡಿತಕ್ಕೆ ಉಣಿಸುತ್ತದೆ. ಕಟ್ಟಡ ಕೆಡಹುವುದು ಹೆಚ್ಚಾಗಿ ಆ ಎರಡನೆಯದು. ಮಿಲಿಮೀಟರಿನಷ್ಟೂ ದಪ್ಪವಿಲ್ಲದ ಧೂಳು ಅಗಲಕ್ಕೆ ಹಬ್ಬಿದ್ದರೆ ಅದಕ್ಕೆ ಸಾಕು.

2003ರ ಜನವರಿ 29ರಂದು ಅಮೆರಿಕದ ಕಿನ್‌ಸ್ಟನ್ ಎಂಬಲ್ಲಿ, ಇಂಜೆಕ್ಷನ್ ಸಾಮಾನಿನ ರಬ್ಬರು ಭಾಗಗಳನ್ನು ಮಾಡುವ ಕಾರ್ಖಾನೆ ಇದೇ ರೀತಿ ಸಿಡಿದು 6 ಜನ ಸತ್ತರು. ಆ ಕೆಲಸದ ಕೋಣೆ ಕೊಳಕಾಗಿರಲಿಲ್ಲ. ಆಸ್ಪತ್ರೆಗೆ ಹೋಗುವ ಸಾಮಾನೆಂದು ಕಣ್ಣಿಗೆ ಕಾಣುವಲ್ಲೆಲ್ಲ ಗುಡಿಸಿ ಒರಸಿ ಇಟ್ಟಿದ್ದರು. ನಯವಾದ ಪಾಲಿಎಥಿಲೀನ್ ಪುಡಿ ತೂಗುಚಾವಣಿಯ ಮೇಲೆ, ಕಣ್ಣಿಗೆ ಬೀಳದಲ್ಲಿ ಕೂತಿತ್ತು ಎಂದು ಸರ್ಕಾರದ ತನಿಖೆ ಹೇಳಿತು. ನಾವು ಹೇಳುವುದೂ ಇದನ್ನೇ. ಸಾಮಾನಿಗಾಗಿ ಮಾಡಿದ ಸ್ವಚ್ಛತೆ ಬೇರೆ, ಮನುಷ್ಯನಿಗಾಗಿ ಮಾಡಿದ ಸ್ವಚ್ಛತೆ ಬೇರೆ.

ನಮ್ಮ ದೇಶದ ಔಷಧ ನಿಯಮದ ಶೆಡ್ಯೂಲ್ ಎಂ ಅನ್ನು 2023ರ ಡಿಸೆಂಬರಿನಲ್ಲಿ ತಿದ್ದಿ ಬಿಗಿಮಾಡಿದರು. ಧೂಳು ಹೀರುವ ಏರ್ಪಾಡು, ಒಂದು ಮದ್ದಿನ ಪುಡಿ ಇನ್ನೊಂದಕ್ಕೆ ತಗಲದಂತೆ ಬೇರೆ ಗಾಳಿ, ಇವೆಲ್ಲ ಅದರಲ್ಲಿವೆ. ಅದರಿಂದ ಕೆಲಸಗಾರನಿಗೂ ಅಷ್ಟಿಷ್ಟು ಉಪಕಾರವುಂಟು, ಇಲ್ಲವೆನ್ನುವುದಿಲ್ಲ. ಆದರೆ ಅದರ ಕಣ್ಣಿರುವುದು ಗುಳಿಗೆಯ ಮೇಲೆ. ಕೋಣೆಯ ಗಾಳಿಯೊತ್ತಡ ಇಳಿಸಿ ಧೂಳು ಪಡಸಾಲೆಗೆ ಹೋಗದಂತೆ ತಡೆದರೆ ಪಕ್ಕದ ಮದ್ದು ಉಳಿಯಿತು; ಆ ಕೋಣೆಯೊಳಗೇ ನಿಂತವನ ಗತಿಯೇನು?

ಇದಕ್ಕೆ ಬರುವ ಉತ್ತರಗಳು ನಮಗೆ ಗೊತ್ತು. "ಅದು ಔಷಧವಯ್ಯಾ, ವಿಷವೇ?" ಎನ್ನುತ್ತಾರೆ. ರೋಗಿ ವೈದ್ಯರು ಹೇಳಿದಷ್ಟನ್ನು, ಹೇಳಿದಷ್ಟು ದಿನ ನುಂಗುತ್ತಾನೆ. ಕೆಲಸಗಾರ ಬೇಡದ ಮದ್ದನ್ನು, ಅಳತೆಯಿಲ್ಲದೆ, ವರ್ಷಗಟ್ಟಲೆ ಉಸಿರಾಡುತ್ತಾನೆ. ಕೆಲವು ತೀಕ್ಷ್ಣ ಮದ್ದುಗಳಿಗೆ ಒಂದು ಘನಮೀಟರ್ ಗಾಳಿಯಲ್ಲಿ 10 ಮೈಕ್ರೋಗ್ರಾಂ ಕೂಡ ಇರಬಾರದೆಂದು ಔಷಧ ಕಂಪನಿಗಳೇ ಮಿತಿ ಇಟ್ಟುಕೊಂಡಿವೆ. ಅಷ್ಟು ಧೂಳು ಕಣ್ಣಿಗೆ ಕಾಣುವುದೇ ಇಲ್ಲ.

"ಮೂಗಿಗೆ ಪಟ್ಟಿ ಕೊಟ್ಟಿದ್ದೇವೆ, ಇವರು ಹಾಕಿಕೊಳ್ಳುವುದಿಲ್ಲ" ಎನ್ನುತ್ತಾರೆ. ಬಟ್ಟೆಯ ಪಟ್ಟಿ 5 ಮೈಕ್ರಾನಿನ ಕಣವನ್ನು ನೆಚ್ಚುವಂತೆ ತಡೆಯದು. ತಡೆಯುವಂಥ ಮುಖವಾಡವಾದರೂ ಮುಖಕ್ಕೆ ಸರಿಯಾಗಿ ಕೂಡಬೇಕು. ಎಲ್ಲಕ್ಕಿಂತ ಮೊದಲು ಧೂಳು ಏಳದಂತೆ ಮುಚ್ಚಿದ ಕೊಳವೆಯಲ್ಲಿ ಸುರಿಯುವುದು, ಎದ್ದಲ್ಲೇ ಹೀರುವುದು, ಮುಖವಾಡ ಕೊನೆಯದು. ಮಾಲೀಕನ ಕೆಲಸ ಮುಗಿಯದೆ ಕೂಲಿಯ ತಪ್ಪು ಎಣಿಸುವುದು ನ್ಯಾಯವಲ್ಲ.

"ಬಡವನ ಗುಳಿಗೆ ದುಬಾರಿಯಾಗುತ್ತದೆ" ಎನ್ನುತ್ತಾರೆ. ಗಾಳಿಗೆ ಹಾರಿದ ಧೂಳೂ ಹಣ ಕೊಟ್ಟು ತಂದ ಮದ್ದೇ ಅಲ್ಲವೇ? ಹೊರದೇಶದ ಪರೀಕ್ಷಕರು ಬರುತ್ತಾರೆಂದರೆ ಹೊರಡುವ ಹಣ, ಒಳಗಿನ ಮನುಷ್ಯ ಕೆಮ್ಮಿದರೆ ಏಕೆ ಹೊರಡುವುದಿಲ್ಲ? ಬಡವನ ಹೆಸರು ಹೇಳಿ ಬಡವನ ಎದೆಯನ್ನು ಬಲಿಕೊಡಬೇಡಿರಿ.

ಇನ್ನು ಕಾನೂನು. 1948ರ ಕಾರ್ಖಾನೆ ಕಾಯಿದೆಯ 14ನೆಯ ಕಲಮು ಧೂಳು ತೆಗೆಯಬೇಕೆಂದೂ, 37ನೆಯದು ಸಿಡಿಯುವ ಧೂಳನ್ನು ಮುಚ್ಚಿಡಬೇಕು, ಕಿಡಿಯನ್ನು ದೂರವಿಡಬೇಕೆಂದೂ ಹೇಳಿದ್ದವು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ 2020ರ ಸುರಕ್ಷತಾ ಸಂಹಿತೆ ಬಂದಿದೆ. ಅದರಲ್ಲಿ ಹಿಡಿದುಕೊಳ್ಳತಕ್ಕದ್ದು ಒಂದುಂಟು: ತನ್ನ ಆರೋಗ್ಯದ ವಿಷಯಕ್ಕೆ ಮಾಹಿತಿ ಕೇಳುವ ಹಕ್ಕು, ಅಪಾಯ ಕಂಡರೆ ಮಾಲೀಕನಿಗೂ ಇನ್‌ಸ್ಪೆಕ್ಟರಿಗೂ ತಿಳಿಸುವ ಹಕ್ಕು. ಬಿಡತಕ್ಕದ್ದೂ ಉಂಟು. ವಿದ್ಯುತ್ತಿನಿಂದ ನಡೆಯುವಲ್ಲಿ 10 ಜನರಿದ್ದರೆ ಕಾರ್ಖಾನೆ ಎನ್ನುತ್ತಿದ್ದುದು ಈಗ 20ಕ್ಕೆ ಏರಿದೆ. ಸುರಕ್ಷತಾ ಸಮಿತಿ ಎಲ್ಲ ಕಾರ್ಖಾನೆಗಳಿಗೂ ಕಡ್ಡಾಯವಲ್ಲ. ಗುತ್ತಿಗೆ ಕೂಲಿ ಇಡಬಾರದ ಮುಖ್ಯ ಕೆಲಸಗಳ ಪಟ್ಟಿಯಿಂದ ಗುಡಿಸುವುದು, ತೊಳೆಯುವುದು, ಧೂಳು ಹೊಡೆಯುವುದು ಇವನ್ನು ಹೊರಗಿಟ್ಟಿದ್ದಾರೆ. ಧೂಳೇ ಸಾವಾಗಿರುವ ಕಾರ್ಖಾನೆಯಲ್ಲಿ ಧೂಳು ತೆಗೆಯುವುದು ಮುಖ್ಯ ಕೆಲಸವಲ್ಲವಂತೆ! ಹಾಗಾಗಿ ಅತಿ ಹೆಚ್ಚು ಧೂಳು ನುಂಗುವ ಕೆಲಸ ಅತಿ ಕಡಿಮೆ ತಿಳಿವಳಿಕೆ ಕೊಟ್ಟು ಕರೆತಂದವನ ಪಾಲಿಗೆ ಬೀಳುತ್ತದೆ.

ಆದ್ದರಿಂದ ನಾವು ಕೇಳುವುದು ಇಷ್ಟು. ಪುಡಿ ಹಿಡಿಯುವ ಪ್ರತಿ ಕಾರ್ಖಾನೆಯಲ್ಲಿ, ತಲೆ ಎಷ್ಟೇ ಇರಲಿ, ಗುತ್ತಿಗೆಯವರೂ ಕೂರುವ ಸುರಕ್ಷತಾ ಸಮಿತಿ ಇರಲಿ. ಪ್ರತಿ ಪುಡಿಯ ಅಪಾಯವನ್ನು ಕೆಲಸಗಾರ ಓದುವ ಭಾಷೆಯಲ್ಲಿ, ಕನ್ನಡವಾಗಲಿ ತೆಲುಗಾಗಲಿ ಒಡಿಯಾ ಆಗಲಿ, ಗೋಡೆಗೆ ಹಚ್ಚಲಿ. ಗುಳಿಗೆಯ ಕಣವನ್ನು ಅಳೆಯುವ ಹಾಗೆಯೇ ಕೆಲಸಗಾರ ಉಸಿರಾಡುವ ಗಾಳಿಯನ್ನೂ ಅಳೆದು ಲೆಕ್ಕ ತೋರಿಸಲಿ. ಯಂತ್ರಗಳನ್ನು ನೆಲಕ್ಕೆ ತಂತಿ ಕೂಡಿಸಿ ಕಿಡಿ ತಪ್ಪಿಸಲಿ, ಸಿಡಿತಕ್ಕೆ ಹೊರದಾರಿ ಬಿಡಲಿ, ಚಾವಣಿಯ ಮೇಲೆ ಏನಿದೆಯೆಂದು ಏಣಿ ಹಾಕಿ ನೋಡಲಿ. ಒತ್ತುಗಾಳಿ ಹಾಯಿಸಿ ಧೂಳು ಹಾರಿಸುವುದನ್ನು ಇಂದೇ ನಿಲ್ಲಿಸಲಿ.

ಸಹೋದರರೇ, ನಾಳೆ ಶಿಫ್ಟಿಗೆ ಹೋದಾಗ ನಿಮ್ಮ ಮೇಸ್ತ್ರಿಯನ್ನು ಕೇಳಿರಿ: ಈ ಚೀಲದಲ್ಲಿರುವುದೇನು, ಇದು ಉರಿಯುತ್ತದೆಯೇ, ಇದು ಎದೆಗೆ ಹೋದರೆ ಏನಾಗುತ್ತದೆ? ಒಬ್ಬನೇ ಕೇಳಬೇಡಿರಿ, ನಾಲ್ಕು ಜನ ಕೂಡಿ ಕೇಳಿರಿ. ಬಾಯಿಮಾತಿನ ಉತ್ತರ ಸಾಲದು, ಕಾಗದದಲ್ಲಿ ಕೇಳಿರಿ. ಕೇಳುವ ಹಕ್ಕು ನಿಮಗಿದೆ.